ಗಡಿ ಜಗಳದಲ್ಲಿ ಸಿಕ್ಕಿಕೊಂಡ 21ನೇ ಹುಟ್ಟುಹಬ್ಬ

ಗ್ರೀನ್ ಕಾರ್ಡ್ (ಕಾಯಂ ನೆಲೆಸುವ ಅನುಮತಿ) ಸರದಿ ಯಾವ ಡೇಟ್‌ನ ಅರ್ಜಿಯವರೆಗೆ ಬಂದಿದೆ ಅಂತ ತಿಳಿಸುವ ಅಮೆರಿಕದ ವೀಸಾ ಬುಲೆಟಿನ್ ಪ್ರತಿ ತಿಂಗಳು ಬಂದ ದಿನ, ವಲಸೆ ಅರ್ಜಿ ನೋಡಿಕೊಳ್ಳುವ ನಮ್ಮ ಆಫೀಸಿನ ಫೋನಿಗೆ ಬಿಡುವಿರುವುದಿಲ್ಲ. ಕಳೆದ ಸಲ ಮೊದಲು ಫೋನ್ ಮಾಡಿದವರು ದಾವಣಗೆರೆ ಕಡೆಯ ಒಬ್ಬ ತಾಯಿ. "ಮೇಡಂ, ಡೇಟ್ ಮುಂದೆ ಹೋಯ್ತಾ? ಮಗಳಿಗೆ ಮಾರ್ಚ್‌ಗೆ 21 ತುಂಬುತ್ತೆ."

ಅಪ್ಪ ಅಮ್ಮನ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಮಕ್ಕಳು ಸೇರುವುದು 21 ತುಂಬುವವರೆಗೆ ಮಾತ್ರ. ಆದರೆ ಕಂಪನಿ ಹಾಕಿದ ಐ-140 ಅನ್ನುವ ಅರ್ಜಿ ಸರ್ಕಾರದ ಹತ್ತಿರ ಬಾಕಿ ಇದ್ದ ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯಬಹುದು. ಲೆಕ್ಕ ಹಾಕಿದೆ. ಸಿಕ್ಕಿದ್ದು 42 ದಿನ. ಅಷ್ಟರಲ್ಲಿ ಅವರ ಡೇಟ್ ಬರುವ ಹಾಗಿಲ್ಲ. ನಾಲ್ಕು ವರ್ಷದವಳಿದ್ದಾಗ ಬಂದ ಹುಡುಗಿ, ಇಲ್ಲೇ ಓದಿ ಬೆಳೆದವಳು. 21 ತುಂಬಿದ ದಿನ ಅವಳ ಎಚ್-4, ಅಂದರೆ ಅಪ್ಪ ಅಮ್ಮನ ನೌಕರಿ ವೀಸಾ ಮೇಲೆ ಸಿಕ್ಕ ವೀಸಾ, ಮುಗಿಯುತ್ತದೆ.

ಇದಕ್ಕೆ ಮೂಲ 1990ರ ಕಾನೂನು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಅದೇ ಲೆಕ್ಕದಲ್ಲಿ. ಒಂದು ದೇಶಕ್ಕೆ ಶೇ. 7ರ ಮಿತಿ ಬೇರೆ, ಹಾಗಾಗಿ ಭಾರತೀಯರ ಕ್ಯೂ ವರ್ಷಗಟ್ಟಲೆ ಉದ್ದ.

"ನಾವು ಕಾನೂನು ಪ್ರಕಾರ ಬಂದವರು, ಮೆಕ್ಸಿಕೋ ಗಡಿ ಕಟ್ಟಿಕೊಂಡು ನಮಗೇನಾಗಬೇಕು?" ಅಂತ ತುಂಬಾ ಜನ ಕೇಳುತ್ತಾರೆ. ಆಗಬೇಕಾದ್ದು ಬಹಳ ಇದೆ. 2024ರ ಫೆಬ್ರವರಿಯಲ್ಲಿ ರಿಪಬ್ಲಿಕನ್ ಲ್ಯಾಂಕ್‌ಫರ್ಡ್, ಡೆಮಾಕ್ರಟ್ ಮರ್ಫಿ, ಪಕ್ಷೇತರ ಕಿರ್ಸ್ಟನ್ ಸಿನೆಮಾ, ಈ ಮೂವರು ಸೆನೆಟರುಗಳು ಕೂತು ತಯಾರಿಸಿದ ಗಡಿ ಮಸೂದೆಯಲ್ಲೇ ಎಚ್-1ಬಿ (ನೌಕರಿ ವೀಸಾ) ಕುಟುಂಬದ ಈ ಮಕ್ಕಳಿಗೆ ರಕ್ಷಣೆ ಇತ್ತು, ಐದು ವರ್ಷದಲ್ಲಿ 2,50,000 ಹೆಚ್ಚುವರಿ ವೀಸಾ ಇತ್ತು, ಆಶ್ರಯ ಕೇಳಿ ಬಂದವರ ಅರ್ಜಿ ಬೇಗ ತೀರ್ಮಾನಿಸಲು ಸಾವಿರಾರು ಅಧಿಕಾರಿಗಳಿಗೆ ಹಣವೂ ಇತ್ತು. ಟ್ರಂಪ್ ಬೇಡ ಅಂದರು. ಸೆನೆಟ್‌ನಲ್ಲಿ 60 ಮತ ಬೇಕಿತ್ತು, ಬಿದ್ದದ್ದು 49. ಮೇ ತಿಂಗಳಲ್ಲಿ ಮತ್ತೆ ತಂದಾಗ ಬರೀ 43.

ನನ್ನ ಪ್ರಕಾರ ಗಡಿಯಲ್ಲೂ ನಮ್ಮ ಕ್ಯೂನಲ್ಲೂ ರೋಗ ಒಂದೇ, ತೀರ್ಮಾನ ತಡ ಆಗುವುದು. 2023ರ ಕೊನೆಗೆ ವಲಸೆ ಕೋರ್ಟುಗಳಲ್ಲಿ 30 ಲಕ್ಷಕ್ಕೂ ಜಾಸ್ತಿ ಕೇಸ್ ಬಾಕಿ ಇದ್ದವು. ಕೇಸ್ ವರ್ಷಗಟ್ಟಲೆ ಎಳೆಯುತ್ತದೆ ಅಂದರೆ ಗಡಿ ದಾಟಿಸುವ ದಲ್ಲಾಳಿಗಳಿಗೆ ಅದೇ ಬಂಡವಾಳ. ನಿಜವಾಗಿ ಜೀವಭಯದಿಂದ ಓಡಿಬಂದವರು ಮಾತ್ರ ಅದೇ ಸಾಲಿನಲ್ಲಿ ಕೊಳೆಯಬೇಕು.

ಎರಡೂ ಪಕ್ಷಗಳ ಅನುಮಾನಕ್ಕೂ ಕಾರಣ ಇದೆ. 1986ರಲ್ಲಿ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಜನರಿಗೆ ಕಾಯಂ ನೆಲೆ ಸಿಕ್ಕಿತು. ಆದರೆ ದಾಖಲೆ ಇಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರ ಮೇಲಿನ ಬಿಗಿ ಸಡಿಲವಾಗಿಯೇ ಉಳಿಯಿತು. ರಿಪಬ್ಲಿಕನ್ನರು ಅದನ್ನು ಮರೆತಿಲ್ಲ, ಮೊದಲು ಗಡಿ ಅನ್ನುತ್ತಾರೆ. ಗಡಿ ಬಿಗಿಯಾದ ಮೇಲೆ ಉಳಿದದ್ದು ಬರುವುದೇ ಇಲ್ಲ ಅನ್ನುವುದು ಡೆಮಾಕ್ರಟರ ಭಯ. 2013ರಲ್ಲಿ ಎಂಟು ಸೆನೆಟರ್‌ಗಳು ಎರಡನ್ನೂ ಸೇರಿಸಿ ತಂದ ಮಸೂದೆಗೆ ಸೆನೆಟ್‌ನಲ್ಲಿ 68-32 ಬೆಂಬಲ ಸಿಕ್ಕಿತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ.

ಆಗ ನಾನೂ ದೊಡ್ಡ ಪ್ಯಾಕೇಜೇ ಬೇಕು ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಎರಡೂ ಕಡೆಯವರು ಒಪ್ಪುವ ಚಿಕ್ಕ ವಿಷಯವನ್ನು ದೊಡ್ಡ ಜಗಳಕ್ಕೆ ಯಾಕೆ ಒತ್ತೆ ಇಡಬೇಕು? ಈ ಮಕ್ಕಳ ಪರವಾಗಿ ಡೆಮಾಕ್ರಟ್ ಸೆನೆಟರ್ ಪಡಿಲ್ಲಾ ಮತ್ತು ರಿಪಬ್ಲಿಕನ್ ಸೆನೆಟರ್ ರ‍್ಯಾಂಡ್ ಪಾಲ್ ಅಂಥವರೇ ಒಟ್ಟಿಗೆ ಮಸೂದೆ ತಂದಿದ್ದಾರೆ, ಇವರಿಬ್ಬರು ಬೇರೆ ಯಾವುದರಲ್ಲಿ ಒಂದಾಗುತ್ತಾರೆ ಹೇಳಿ. ಆ ತಾಯಿಗೆ ನಾನು ಕಳೆದು ತೋರಿಸಿದ 42 ದಿನ ಇದೆಯಲ್ವಾ, ಅದೂ ಇಂಥದ್ದೇ ಒಂದು ಚಿಕ್ಕ ಕಾನೂನಿನಿಂದ ಬಂದದ್ದು. 2002ರಲ್ಲಿ ಎರಡೂ ಪಕ್ಷ ಸೇರಿ ಪಾಸ್ ಮಾಡಿದ್ದು, ಬುಷ್ ಸಹಿ ಹಾಕಿದ್ದು. ಅದರಿಂದ ಎಷ್ಟೋ ಮನೆ ಉಳಿದದ್ದನ್ನು ಕಣ್ಣಾರೆ ನೋಡಿದ್ದೇನೆ.

"ಮುಂದಿನ ತಿಂಗಳು ಮತ್ತೆ ಮಾಡ್ಲಾ ಮೇಡಂ?" ಅಂದರು. ಮಾಡಿ ಅಂದೆ. ಸದ್ಯಕ್ಕೆ ಎಫ್-1 (ವಿದ್ಯಾರ್ಥಿ ವೀಸಾ) ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿ ಕಳಿಸಿದ್ದೇನೆ. ಕಾಲೇಜಿನಿಂದ ಐ-20, ಅಂದರೆ ಆ ವೀಸಾಗೆ ಕಾಲೇಜು ಕೊಡುವ ಪತ್ರ, ಬರಬೇಕು.