ಐಆರ್‌ಬಿ ಅಂದರೇನು? ತೊಂದರೆ ಬಂದರೆ ಎಲ್ಲಿ ಹುಡುಕಬೇಕು?

ಮಂಡ್ಯದ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಾಗ ದಿನಾ ಬೆಳಿಗ್ಗೆ ಒಂದೇ ತಲೆನೋವು. ಲೈಬ್ರರಿಯ ಗೇಟ್‌ವೇಗೆ (ಅಲ್ಲಿನ ಕಂಪ್ಯೂಟರ್‌ಗಳು ಬೇರೆ ನೆಟ್‌ವರ್ಕ್‌ಗೆ ಹೋಗುವ ಬಾಗಿಲು) ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ?’ ಅಂತ ಕೇಳುವ ಪುಟ್ಟ ಸಂದೇಶ ಕಳಿಸಿದರೆ, ಉತ್ತರವಿಲ್ಲ. ಹತ್ತು ಗಂಟೆಯ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಎರಡು ದಿನ ಕೇಬಲ್ ಬದಲಾಯಿಸಿ ನೋಡಿದೆ. ಆಮೇಲೆ ಗೊತ್ತಾಯಿತು, ಅಲ್ಲಿ ಯಾವುದೂ ಕೆಟ್ಟಿರಲಿಲ್ಲ.

ಐಆರ್‌ಬಿ ಅಂದರೆ ಇಂಟಿಗ್ರೇಟೆಡ್ ರೂಟಿಂಗ್ ಅಂಡ್ ಬ್ರಿಡ್ಜಿಂಗ್. ಮೈಸೂರಿನಲ್ಲಿ ಊರೊಳಗೆ ಓಡಾಡಲು ಸಿಟಿ ಬಸ್ ಸ್ಟ್ಯಾಂಡ್, ಬೇರೆ ಊರಿಗೆ ಹೋಗಲು ಸಬರ್ಬನ್ ಬಸ್ ಸ್ಟ್ಯಾಂಡ್ ಇದೆಯಲ್ವಾ? ವಿಲ್ಯಾನ್ ಅಂದರೆ ನೆಟ್‌ವರ್ಕನ್ನು ಸೆಟ್ಟಿಂಗ್‌ನಲ್ಲೇ ಭಾಗ ಮಾಡಿದ ಒಂದೊಂದು ಗುಂಪು, ಒಂದೊಂದು ಊರಿನ ಹಾಗೆ. ಒಂದೇ ವಿಲ್ಯಾನ್ ಒಳಗೆ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್) ನೋಡಿ ಕಳಿಸುವುದು ಬ್ರಿಡ್ಜಿಂಗ್, ಅದು ಸಿಟಿ ಬಸ್. ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ಗೆ ಕೊಟ್ಟ ವಿಳಾಸ) ನೋಡಿ ಕಳಿಸುವುದು ರೂಟಿಂಗ್, ಅದು ಹೊರಊರಿನ ಬಸ್. ಎರಡನ್ನೂ ಒಂದೇ ಸ್ವಿಚ್ (ಕಂಪ್ಯೂಟರ್‌ಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ) ಮಾಡಿದರೆ ಐಆರ್‌ಬಿ. ಜೂನಿಪರ್ ಕಂಪನಿಯ ಸ್ವಿಚ್ಚಿನಲ್ಲಿ ಈ ಹೆಸರೇ ಇದೆ. ಸಿಸ್ಕೋ ಕಂಪನಿಯ ಸ್ವಿಚ್ಚಿನಲ್ಲಿ ಇದೇ ಕೆಲಸ ಮಾಡುವುದನ್ನು ಎಸ್‌ವಿಐ (ಸ್ವಿಚ್ ವರ್ಚುವಲ್ ಇಂಟರ್‌ಫೇಸ್) ಅನ್ನುತ್ತಾರೆ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ್ದು ಒಂದಿದೆ. ಒಂದು ವಿಲ್ಯಾನ್‌ಗೆ ಗೇಟ್‌ವೇ ಆಗಿ ನಿಲ್ಲುವ ಐಆರ್‌ಬಿ ಇಂಟರ್‌ಫೇಸ್‌ಗೆ ಕೈಯಲ್ಲಿ ಮುಟ್ಟುವಂಥ ಪೋರ್ಟ್ (ಕೇಬಲ್ ಚುಚ್ಚುವ ಜಾಗ) ಇಲ್ಲ. ಆ ವಿಲ್ಯಾನ್‌ನ ಒಂದಾದರೂ ಪೋರ್ಟ್ ಜೀವಂತವಾಗಿದ್ದರೆ ಮಾತ್ರ ಅದು ಮೇಲೇಳುತ್ತದೆ. ನಮ್ಮ ಲೈಬ್ರರಿಯ ವಿಲ್ಯಾನ್‌ನಲ್ಲಿ ಇದ್ದದ್ದು ಅಲ್ಲಿನ ಕಂಪ್ಯೂಟರ್‌ಗಳು ಮಾತ್ರ. ರಾತ್ರಿ ಎಲ್ಲ ಆಫ್. ಬೆಳಿಗ್ಗೆ ಬಾಗಿಲು ತೆಗೆದು ಯಾರಾದರೂ ಮೊದಲ ಕಂಪ್ಯೂಟರ್ ಹಾಕುವ ತನಕ ಗೇಟ್‌ವೇ ಮಲಗಿಯೇ ಇರುತ್ತಿತ್ತು. ಅದು ನಡೆದುಕೊಳ್ಳಬೇಕಾದ ರೀತಿಯೇ ಅದು.

ನಿಜವಾಗಿ ತೊಂದರೆ ಇದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ: ಕೆಟ್ಟಿರುವುದು ಸಿಟಿ ಬಸ್ಸೋ, ಹೊರಊರಿನ ಬಸ್ಸೋ? ಅದೇ ವಿಲ್ಯಾನ್‌ನಲ್ಲಿರುವ ಪಕ್ಕದ ಕಂಪ್ಯೂಟರ್‌ಗೆ ಪಿಂಗ್ ಮಾಡಿ. ಅದೇ ಹೋಗದಿದ್ದರೆ ರೂಟಿಂಗ್ ಕಡೆ ತಲೆ ಹಾಕಲೇಬೇಡಿ. ಪೋರ್ಟ್ ಯಾವ ವಿಲ್ಯಾನ್‌ನಲ್ಲಿದೆ, ಮ್ಯಾಕ್ ಟೇಬಲ್‌ನಲ್ಲಿ (ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಅಂತ ಸ್ವಿಚ್ ಬರೆದಿಟ್ಟ ಪಟ್ಟಿ) ಆ ಕಂಪ್ಯೂಟರಿನ ಅಡ್ರೆಸ್ ಕಾಣುತ್ತಿದೆಯಾ ನೋಡಿ. ಪಕ್ಕದ್ದು ಸಿಕ್ಕಿ ಗೇಟ್‌ವೇ ಸಿಗದಿದ್ದರೆ ಐಆರ್‌ಬಿಯನ್ನೇ ನೋಡಿ. ಜೂನಿಪರ್‌ನಲ್ಲಿ ಐಪಿ ಅಡ್ರೆಸ್ ಕೊಟ್ಟು, ಆ ಇಂಟರ್‌ಫೇಸನ್ನು ವಿಲ್ಯಾನ್‌ಗೆ ಜೋಡಿಸುವುದನ್ನು ಮರೆಯುವವರು ಜಾಸ್ತಿ. ಗೇಟ್‌ವೇ ಸಿಕ್ಕಿ ಬೇರೆ ವಿಲ್ಯಾನ್ ಸಿಗದಿದ್ದರೆ ಆಗ ರೂಟಿಂಗ್ ಟೇಬಲ್ (ಯಾವ ನೆಟ್‌ವರ್ಕ್‌ಗೆ ಯಾವ ದಾರಿ ಅನ್ನುವ ಪಟ್ಟಿ) ನೋಡಿ. ಆಚೆ ಕಡೆಯ ಕಂಪ್ಯೂಟರ್‌ನಲ್ಲಿ ಗೇಟ್‌ವೇ ಸರಿಯಾಗಿ ಹಾಕಿದ್ದಾರಾ ಅಂತಲೂ ನೋಡಬೇಕು. ಪ್ಯಾಕೆಟ್ (ಕಳಿಸುವ ಮಾಹಿತಿಯ ತುಂಡು) ಹೋದರೆ ಸಾಲದು, ಉತ್ತರ ವಾಪಸ್ಸೂ ಬರಬೇಕು.

ಐಪಿ ಅಡ್ರೆಸ್‌ನ ಎಷ್ಟು ಭಾಗ ಊರಿನ ಹೆಸರು ಅಂತ ಕಂಪ್ಯೂಟರ್‌ಗೆ ಹೇಳುವುದು ಸಬ್‌ನೆಟ್ ಮಾಸ್ಕ್. ಅದು ತಪ್ಪಿದರೆ ಪತ್ತೆ ಮಾಡುವುದು ಕಷ್ಟ. 255.255.255.0 ಇರಬೇಕಾದ ಕಡೆ 255.255.0.0 ಹಾಕಿದ್ದಾರೆ ಅನ್ನಿ. ಆಗ 192.168.10.5 ಇರುವ ಕಂಪ್ಯೂಟರ್, 192.168.20.5 ಕೂಡ ನಮ್ಮ ಊರಿನದೇ ಅಂದುಕೊಳ್ಳುತ್ತದೆ. ಗೇಟ್‌ವೇಗೆ ಕಳಿಸದೆ ತನ್ನ ವಿಲ್ಯಾನ್ ಒಳಗೇ ಆರ್ಪ್ (ಈ ಐಪಿ ಯಾರದು, ನಿನ್ನ ಮ್ಯಾಕ್ ಹೇಳು ಅಂತ ಎಲ್ಲರನ್ನೂ ಕೇಳುವ ವಿಧಾನ) ಮೂಲಕ ಕೂಗುತ್ತದೆ. ಆ ಹೆಸರಿನವರು ಅಲ್ಲಿ ಇಲ್ಲವೇ ಇಲ್ಲ. ಇಂಟರ್ನೆಟ್ ಚೆನ್ನಾಗಿ ಬರುತ್ತಿರುತ್ತದೆ, ಪಕ್ಕದ ಡಿಪಾರ್ಟ್‌ಮೆಂಟಿನ ಪ್ರಿಂಟರ್ ಮಾತ್ರ ಸಿಗುವುದಿಲ್ಲ. ಇಂಥ ದೂರು ಬಂದರೆ ನಾನು ಸ್ವಿಚ್ ಮುಟ್ಟುವ ಮೊದಲು ಆ ಕಂಪ್ಯೂಟರಿನ ಮಾಸ್ಕ್ ಓದಿ ಹೇಳಿ ಅನ್ನುತ್ತೇನೆ.