ಗಾಡಿ ಹಿಂಭಾರವಾದಾಗ

“ಹದಿಮೂರು ಜನ ಕೂರುತ್ತಿದ್ದ ಗಾಡಿ ಸ್ವಾಮಿ, ಇನ್ನು ಮುಂದೆ ನಾವಿಬ್ಬರೇ. ಭಾರ ಹೆಚ್ಚಾಯಿತು ಅಂದರೆ ಏನರ್ಥ?” ಹಳೆಯ ಟೆಂಪೊ ಟ್ರಾವೆಲರನ್ನು ಮಲಗಲು, ಅಡುಗೆ ಮಾಡಲು ಅನುಕೂಲವಾಗುವಂತೆ ಮಾರ್ಪಡಿಸಿಕೊಡಿ ಎಂದು ಹಾಸನದ ಹೊರವಲಯದಲ್ಲಿರುವ ನನ್ನ ಬಾಡಿ ಶೆಡ್ಡಿಗೆ ಬರುವವರಲ್ಲಿ ಈ ಪ್ರಶ್ನೆ ಕೇಳದವರು ಅಪರೂಪ. ಇಪ್ಪತ್ತು ವರ್ಷಗಳಿಂದ ಉತ್ತರಿಸುತ್ತಲೇ ಬಂದಿದ್ದೇನೆ. ಬಾಯಿಯಲ್ಲಿ ಹೇಳಿದ್ದು ಯಾರಿಗೂ ನಾಟಿದಂತಿಲ್ಲ.

ಅವರ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಹದಿಮೂರು ಜನರೆಂದರೆ ಸುಮಾರು 850 ಕಿಲೊ. ನಾವು ಸೇರಿಸುವ ಸಾಮಾನು ಎಷ್ಟೋ ಸಲ ಅದಕ್ಕಿಂತ ಕಡಿಮೆಯೇ ತೂಗುತ್ತದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ 18 ಮಿಲಿಮೀಟರ್ ಪ್ಲೈವುಡ್ ಹಾಳೆಯೊಂದು 30 ಕಿಲೊ ದಾಟುತ್ತದೆ, 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ 50 ದಾಟುತ್ತದೆ, ನೂರು ಲೀಟರ್ ನೀರು ನೂರು ಕಿಲೊ, ತುಂಬಿದ ಅಡುಗೆ ಅನಿಲದ ಸಿಲಿಂಡರು ಮೂವತ್ತರ ಆಸುಪಾಸು. ಆದರೆ ಜನ ಗಾಡಿಯ ಉದ್ದಕ್ಕೂ ಹರಡಿ ಕೂರುತ್ತಾರೆ, ಊರು ಬಂದಾಗ ಇಳಿಯುತ್ತಾರೆ. ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಬ್ಯಾಟರಿ ಮೂರನ್ನೂ ಹಿಂಬಾಗಿಲಿನ ಬಳಿಯೇ ಕೂರಿಸಬೇಕು ಎಂಬುದು ಎಲ್ಲರ ಹಟ, ಏಕೆಂದರೆ ಬಾಗಿಲು ತೆರೆದು ಹೊರಗೆ ನಿಂತು ಕಾಫಿ ಕಾಯಿಸುವ ಚಿತ್ರವನ್ನು ಅವರು ಫೋನಿನಲ್ಲಿ ನೋಡಿ ಬಂದಿರುತ್ತಾರೆ. ಆ ಜಾಗವಾದರೋ ಹಿಂದಿನ ಚಕ್ರಗಳ ಅಚ್ಚು, ಅಂದರೆ ಹಿಂದಿನ ಆಕ್ಸಲ್‌ಗಿಂತಲೂ ಆಚೆಗಿದೆ.

ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಮೂರು ಮೀಟರ್ ಅಂತರವಿದೆ ಎಂದುಕೊಳ್ಳಿ. ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಆಚೆ 300 ಕಿಲೊ ಇಟ್ಟರೆ ಆ ಆಕ್ಸಲ್ ಮೇಲೆ ಬೀಳುವುದು 300 ಅಲ್ಲ, 400 ಕಿಲೊ. ಉಳಿದ ನೂರು ಮುಂದಿನ ಚಕ್ರಗಳಿಂದ ಬಂದದ್ದು. ಅಂದರೆ ಮುಂಭಾಗ ಅಷ್ಟು ಹಗುರವಾಯಿತು. ಸ್ಟಿಯರಿಂಗ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಇಳಿಜಾರಿನಲ್ಲಿ ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದೂ ಅವೇ. ಇಷ್ಟು ಹೇಳಿದ ಮೇಲೂ “ಹಿಂದೆ ಒಂದು ಕಮಾನುಪಟ್ಟಿ ಜಾಸ್ತಿ ಹಾಕಿಬಿಡಿ” ಎನ್ನುತ್ತಾರೆ. ಗಾಡಿಯ ಭಾರ ಹೊರುವ ಆ ಸ್ಪ್ರಿಂಗ್ ಪಟ್ಟಿ ಹಾಕಿದರೆ ಕುಸಿದ ಬಾಲ ಮೇಲೇಳುತ್ತದೆ, ನೋಡಲು ಚೆನ್ನಾಗಿ ಕಾಣುತ್ತದೆ. ಆದರೆ ಆಕ್ಸಲ್, ಟೈರು, ಬ್ರೇಕುಗಳ ಶಕ್ತಿ ಹೆಚ್ಚುವುದಿಲ್ಲ, ಮುಂದೆ ಕಳೆದುಹೋದ ನೂರು ಕಿಲೊ ಮರಳುವುದೂ ಇಲ್ಲ.

ಇದನ್ನು ನಾನು ಕಲಿತದ್ದು ಮ್ಯಾಟಡೋರ್‌ನಲ್ಲಿ. ಎಂಬತ್ತರ ದಶಕದಲ್ಲಿ ನಮ್ಮ ದೊಡ್ಡಪ್ಪನವರು ಬಾಡಿಗೆಗೆ ಓಡಿಸುತ್ತಿದ್ದ ಬಜಾಜ್ ಟೆಂಪೊ ಕಂಪನಿಯ ಆ ಗಾಡಿಯಲ್ಲಿ ವರ್ಷಕ್ಕೊಮ್ಮೆ ಇಡೀ ಮನೆ ಧರ್ಮಸ್ಥಳಕ್ಕೂ ಅಲ್ಲಿಂದ ಹೊರನಾಡಿಗೂ ಹೊರಡುತ್ತಿತ್ತು. ಸೀಟುಗಳ ನಡುವೆ ಜಮಖಾನ, ಹಿಂದೆ ಪಂಪ್ ಸ್ಟೌವು, ಅಕ್ಕಿ ಮೂಟೆ, ನೀರು ತುಂಬಿದ ಹಿತ್ತಾಳೆ ಕೊಳಗ. ಹಳ್ಳ ಸಿಕ್ಕಲ್ಲಿ ಅಡುಗೆ, ಕತ್ತಲಾದಲ್ಲಿ ನಿದ್ದೆ. ಕ್ಯಾಂಪರ್ ವ್ಯಾನ್ ಎಂಬ ಮಾತು ನಮಗೆ ಗೊತ್ತಿರಲಿಲ್ಲ. ಮ್ಯಾಟಡೋರ್‌ನಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದುದು ಮುಂದಿನ ಚಕ್ರಗಳಿಗೆ. ಉಜಿರೆ ದಾಟಿ ಚಾರ್ಮಾಡಿ ಘಾಟಿ ಏರುವಾಗ, ಅದರಲ್ಲೂ ಮಳೆ ಹನಿದರೆ, ಹಿಂಭಾರವಾದ ಗಾಡಿಯ ಮುಂದಿನ ಚಕ್ರಗಳು ಹಿಡಿತವಿಲ್ಲದೆ ನಿಂತಲ್ಲೇ ಸುತ್ತುತ್ತಿದ್ದವು. ಆಗ ದೊಡ್ಡಪ್ಪ ತಿರುಗಿಯೂ ನೋಡದೆ “ಎಲ್ಲರೂ ಮುಂದಕ್ಕೆ ಬನ್ರೋ” ಎಂದು ಕೂಗುತ್ತಿದ್ದರು. ನಾವು ಮಕ್ಕಳು ಎಂಜಿನ್ ಪೆಟ್ಟಿಗೆಯ ಬಿಸಿ ಮುಚ್ಚಳದ ಸುತ್ತ ಒತ್ತೊತ್ತಾಗಿ ಕೂರುತ್ತಿದ್ದೆವು, ದೊಡ್ಡಮ್ಮ ಕೊಳಗವನ್ನು ಎಳೆದುಕೊಂಡು ಮುಂದೆ ಬರುತ್ತಿದ್ದರು, ಚಕ್ರ ನೆಲ ಕಚ್ಚುತ್ತಿತ್ತು.

ಅದಕ್ಕೂ ಹಳೆಯ ಕಾಲದ ಫೋಕ್ಸ್‌ವ್ಯಾಗನ್ ವ್ಯಾನಿನ ಫೋಟೊ ತೋರಿಸಿ “ಹೀಗೇ ಬೇಕು” ಎನ್ನುವವರೂ ಇದ್ದಾರೆ. 1950ರಲ್ಲಿ ತಯಾರಾಗತೊಡಗಿದ ಆ ಗಾಡಿಗೆ ಮರುವರ್ಷದಿಂದಲೇ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಹಾಸಿಗೆ, ಕಪಾಟು ಜೋಡಿಸಿಕೊಡುತ್ತಿತ್ತು. ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾಟಿ ಗೋವಾದವರೆಗೆ ಅಂಥ ವ್ಯಾನುಗಳು ಬರುತ್ತಿದ್ದವು. 1979ರಲ್ಲಿ ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನದ ಯುದ್ಧವೂ ಆ ದಾರಿಯನ್ನು ಮುಚ್ಚಿದವು. ಅವುಗಳ ಎಂಜಿನ್ ಇದ್ದದ್ದು ಹಿಂದೆ, ಎಳೆಯುತ್ತಿದ್ದುದೂ ಹಿಂದಿನ ಚಕ್ರ. ಅದರ ನಕ್ಷೆಯನ್ನು ಮುಂದೆ ಎಂಜಿನ್ ಇರುವ ನಮ್ಮ ಗಾಡಿಗೆ ಹಾಗೆಯೇ ಹೊಂದಿಸಲಾಗದು.

ಕಳೆದ ವರ್ಷ ಅರಸೀಕೆರೆ ಕಡೆಯ ನಿವೃತ್ತ ವಿಜ್ಞಾನ ಮೇಷ್ಟರೊಬ್ಬರು ಪತ್ನಿಯೊಡನೆ ಬಂದರು. ಬೇರೆಲ್ಲೋ ಒಳಾಂಗಣ ಮಾಡಿಸಿದ್ದ ಗಾಡಿ. ಶಿರಾಡಿ ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಕೈಗೆ ಹತ್ತಿಯಂತೆ ಹಗುರಾಯಿತು ಎಂಬುದು ದೂರು. ಹಿಂಬಾಗಿಲು ತೆರೆದರೆ ಒಳಗೆ ಗ್ರಾನೈಟ್ ಕಟ್ಟೆ! ಅದೊಂದೇ 40 ಕಿಲೊ, ಅದರಡಿಯಲ್ಲಿ ಎರಡು ಬ್ಯಾಟರಿ, ಪಕ್ಕದಲ್ಲಿ ಟ್ಯಾಂಕು. ಮೂವತ್ತು ವರ್ಷ ಸನ್ನೆಕೋಲಿನ ಪಾಠ ಮಾಡಿದ ಮೇಷ್ಟರು ನನ್ನೊಡನೆ ಕಾಲು ಗಂಟೆ ವಾದಿಸಿದರು. ಅಷ್ಟು ಹೊತ್ತೂ ಸುಮ್ಮನಿದ್ದ ಅವರ ಮನೆಯವರು ಕೊನೆಗೆ, “ಗಾಡಿಗೆ ಹುಲ್ಲು ಹಿಂದಕ್ಕೆ ಹೇರಿದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳಿಗೆ ಬರೋದಿಲ್ವೇನ್ರೀ, ಅದೇ ತಾನೆ ಇವರು ಹೇಳ್ತಿರೋದು?” ಎಂದರು. ಮೇಷ್ಟರು ನಕ್ಕರು, ಸ್ವಲ್ಪ ತಡವಾಗಿ.

ಅಂದಿನಿಂದ ನಾನು ವಾದಿಸುವುದನ್ನು ಬಿಟ್ಟು ಗಿರಾಕಿಗಳನ್ನು ಲಾರಿ ತೂಗುವ ವೇಬ್ರಿಡ್ಜಿಗೆ ಕಳಿಸುತ್ತೇನೆ. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಚಕ್ರಗಳು ಮಾತ್ರ, ಕೊನೆಗೆ ಹಿಂದಿನವು ಮಾತ್ರ, ಮೂರು ಚೀಟಿ. ಕೆಲಸ ಶುರುವಾಗುವ ಮೊದಲು ಒಮ್ಮೆ, ಮುಗಿದು ಟ್ಯಾಂಕು ತುಂಬಿಸಿದ ಮೇಲೆ ಮತ್ತೊಮ್ಮೆ ತೂಗಿಸಿ, ನೋಂದಣಿ ಪತ್ರವಾದ ಆರ್‌ಸಿಯಲ್ಲಿರುವ ಒಟ್ಟು ತೂಕದ ಜೊತೆ ಹೋಲಿಸಿ ನೋಡಬೇಕು.

ಆರ್‌ಸಿಯ ಮಾತು ಬಂದದ್ದರಿಂದ ಇಷ್ಟು ಹೇಳಿಬಿಡುತ್ತೇನೆ. ನಾನು ವಕೀಲನಲ್ಲ, ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದದೆ, ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸದೆ ಸೀಟು ಬಿಚ್ಚಬೇಡಿ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ವಿಮಾ ಕಂಪನಿಗೂ ತಿಳಿಸಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸಿಲಿಂಡರಿನ ಗೂಡಿಗೆ ತಳದಲ್ಲೇ ರಂಧ್ರವಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲವೆಂದು ಭಾವಿಸಿದ್ದೇನೆ.

ಮೇಷ್ಟರ ಗಾಡಿಯಲ್ಲಿ ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವೆ ನೆಲದಡಿಗೆ ಇಳಿಸಿದೆವು, ಬ್ಯಾಟರಿಗಳು ಚಾಲಕನ ಸೀಟಿನ ಬೆನ್ನಿಗೆ ಬಂದವು, ಅಡುಗೆ ಕಟ್ಟೆ ತೆಳು ಸ್ಟೀಲ್ ಹೊದಿಕೆಯೊಡನೆ ಪಕ್ಕದ ಬಾಗಿಲಿನ ಬಳಿಗೆ ಸರಿಯಿತು. ಮುಂದಿನ ಚಕ್ರಗಳ ಚೀಟಿಯಲ್ಲಿ ತೂಕ 140 ಕಿಲೊ ಏರಿತು. ಗ್ರಾನೈಟ್ ಹಲಗೆಯನ್ನು ಒಯ್ಯುತ್ತೇವೆಂದು ಮೇಷ್ಟರ ಮನೆಯವರು ಹೇಳಿ ಹೋಗಿದ್ದಾರೆ. ಸದ್ಯಕ್ಕೆ ಅದು ಶೆಡ್ಡಿನ ಮುಂದೆ ಎರಡು ಹಳೆಯ ಟೈರುಗಳ ಮೇಲೆ ಕೂತಿದೆ, ಹುಡುಗರು ಅದರ ಮೇಲೆ ಟೀ ಲೋಟ ಇಡುತ್ತಾರೆ.