ಡಿಸ್ಕ್ ಬಿಡದಿದ್ದಾಗ ಸುತ್ತಿಗೆ ಎತ್ತುವ ಮುನ್ನ

ಕಾರಿನ ಬ್ರೇಕ್ ಪ್ಯಾಡುಗಳನ್ನು ಮನೆಯಂಗಳದಲ್ಲೇ ಬದಲಿಸಿಕೊಳ್ಳುವವರು ದಾವಣಗೆರೆಯಲ್ಲಿ ಈಗ ಕಡಿಮೆಯೇನಿಲ್ಲ. ವಿದ್ಯಾನಗರ, ಎಂಸಿಸಿ ‘ಬಿ’ ಬ್ಲಾಕ್ ಕಡೆ ಭಾನುವಾರ ಬೆಳಿಗ್ಗೆ ಕಾರಿಗೆ ಜಾಕ್ ಕೊಟ್ಟು ಕೂತವರನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ತನ್ನ ಕಾರಿನ ಬ್ರೇಕನ್ನು ಒಮ್ಮೆ ಬಿಚ್ಚಿ ನೋಡಿದವನು ಆಮೇಲೆ ಅದನ್ನು ಹದವಾಗಿ ಬಳಸುತ್ತಾನೆ. ಪ್ಯಾಡಿನವರೆಗೆ ಇವರಿಗೆ ತೊಂದರೆ ಇಲ್ಲ. ಸವೆದ ಡಿಸ್ಕ್, ಅಂದರೆ ಚಕ್ರದೊಂದಿಗೆ ತಿರುಗುವ, ಪ್ಯಾಡುಗಳು ಒತ್ತಿ ಹಿಡಿಯುವ ತಟ್ಟೆ, ಬದಲಿಸಲು ಹೊರಟಾಗ ಕೆಲಸ ನಿಲ್ಲುತ್ತದೆ. ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಬಿಚ್ಚಿಯಾಯಿತು, ಅದರ ಬ್ರ್ಯಾಕೆಟ್ಟೂ ಕೈಗೆ ಬಂತು, ಡಿಸ್ಕ್ ಮಾತ್ರ ಚಕ್ರ ಕೂರುವ ಹಬ್‌ಗೆ ಬೆಸುಗೆ ಹಾಕಿದಂತೆ ಕೂತಿದೆ. ಆಗ ಸುತ್ತಿಗೆ ಹೊರಬರುತ್ತದೆ. ಕೆಲವು ವಾರ ಕಳೆದು ಅದೇ ಕಾರು ಗ್ಯಾರೇಜಿಗೆ ಬಂದಾಗ ದೂರು ಬೇರೆಯೇ ಆಗಿರುತ್ತದೆ: ‘ಸಾರ್, ಐವತ್ತರ ವೇಗ ದಾಟಿದರೆ ಮುಂದಿನ ಚಕ್ರದಿಂದ ಗುಂಯ್ ಎಂದು ಸದ್ದು ಬರುತ್ತದೆ.’

ಆ ಸದ್ದು ಬೇರಿಂಗಿನದು. ಇಂದಿನ ಸಣ್ಣ ಕಾರುಗಳ ಮುಂಚಕ್ರದ ಬೇರಿಂಗಿನೊಳಗೆ ಉಕ್ಕಿನ ಗುಂಡುಗಳು ಎರಡು ಸಾಲಾಗಿ, ಕನ್ನಡಿಯಷ್ಟು ನುಣುಪಾದ ಹಾದಿಯಲ್ಲಿ ಓಡುತ್ತವೆ. ಡಿಸ್ಕಿನ ಅಂಚಿಗೆ ಬಿದ್ದ ಪ್ರತಿ ಪೆಟ್ಟೂ ಹಬ್ ಮೂಲಕ ಆ ಗುಂಡುಗಳಿಗೆ ತಾಗಿ, ಹಾದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗುಗಳನ್ನು ಮಾಡುತ್ತದೆ. ಗುಂಡು ಆ ತಗ್ಗುಗಳನ್ನು ಹಾಯುವಾಗಲೆಲ್ಲ ಸದ್ದು. ಒಮ್ಮೆ ಹೀಗಾದ ಬೇರಿಂಗ್ ಸರಿಹೋಗುವುದಿಲ್ಲ, ಬದಲಿಸಬೇಕು. ಇನ್ನೊಂದು ಮಾತು: 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಚಕ್ರದ ವೇಗ ಅಳೆಯುವ ಸೆನ್ಸರ್ ಹಬ್‌ನ ಪಕ್ಕದಲ್ಲೇ ಇರುತ್ತದೆ. ಎಷ್ಟೋ ಮಾದರಿಗಳಲ್ಲಿ ಅದು ಓದುವ ಕಾಂತದ ಉಂಗುರ ಬೇರಿಂಗಿನ ಸೀಲಿನಲ್ಲೇ ಸೇರಿಕೊಂಡಿರುತ್ತದೆ. ಗುರಿ ತಪ್ಪಿದ ಒಂದು ಸುತ್ತಿಗೆ ಏಟು ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹೊತ್ತಿಸಿಬಿಡಬಹುದು.

ಹಾಗಾದರೆ ಡಿಸ್ಕನ್ನು ಹಿಡಿದಿಟ್ಟಿರುವುದು ಏನು? ಡಿಸ್ಕ್ ಬೀಡು ಕಬ್ಬಿಣದ್ದು, ಹಬ್ ಉಕ್ಕಿನದು. ಹಬ್‌ನ ನಡುವೆ ಉಬ್ಬಿದ ದುಂಡು ಭಾಗವೊಂದಿದೆ. ಡಿಸ್ಕಿನ ನಡುರಂಧ್ರ ಅದರ ಮೇಲೆ ಬಿಗಿಯಾಗಿ ಕೂರುತ್ತದೆ. ಎರಡರ ನಡುವಿನ ಸಂದು ಕೂದಲೆಳೆಯಷ್ಟು, ಬಣ್ಣದ ರಕ್ಷಣೆ ಎರಡಕ್ಕೂ ಇಲ್ಲ. ನೀರು ಇಳಿದರೆ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಿಗ್ಗಲು ಎಡೆಯಿಲ್ಲದ ಸಂದಿನಲ್ಲಿ ಅದು ಎರಡೂ ಕಡೆ ಒತ್ತಿ ಕಚ್ಚಿಕೊಳ್ಳುತ್ತದೆ. ಬಿಡಿಸಿದ ಹಳೆಯ ಡಿಸ್ಕೊಂದನ್ನು ಬೆಳಕಿಗೆ ಹಿಡಿದು ನೋಡಿ. ಹಿಂಬದಿಯ ಅಗಲವಾದ ಸಮತಟ್ಟು ಮುಖದಲ್ಲಿ ಅಲ್ಲಲ್ಲಿ ಕಲೆ ಇರುತ್ತದೆ. ನಡುರಂಧ್ರದ ಒಳಅಂಚಿನಲ್ಲಿ ಮಾತ್ರ ಕಿರುಬೆರಳಿನಗಲಕ್ಕಿಂತ ಕಿರಿದಾದ ದಟ್ಟ ಕಂದು ಬಳೆಯೊಂದು ಕಾಣುತ್ತದೆ. ಸ್ಕ್ರೂಡ್ರೈವರ್ ಮೊನೆಯಿಂದ ಕೆರೆದರೆ ಪದರ ಪದರವಾಗಿ ಏಳುತ್ತದೆ. ಹಿಡಿತದ ಹೆಚ್ಚಿನ ಪಾಲು ಅಲ್ಲಿದೆ. ಎಣ್ಣೆ, ಒತ್ತಡ, ಪೆಟ್ಟು ಯಾವುದೇ ಆದರೂ ಅಲ್ಲಿಗೆ ತಲುಪಬೇಕು. ಅಂಚಿಗೆ ಬಾರಿಸಿದ್ದು ಬೇರಿಂಗಿಗೆ ಹೋಗುತ್ತದೆ, ಈ ಬಳೆಗೆ ಹೋಗುವುದು ಅಲ್ಪ.

ನಮ್ಮ ಸೀಮೆಯಲ್ಲಿ ಇದು ಎಲ್ಲ ಕಾರುಗಳಿಗೂ ಒಂದೇ ರೀತಿ ಆಗುವುದಿಲ್ಲ. ಜಗಳೂರು, ಚಳ್ಳಕೆರೆ ಕಡೆಯ ಒಣನೆಲದಲ್ಲಿ ಓಡಾಡುವ ಕಾರುಗಳ ಡಿಸ್ಕ್ ಸಾಮಾನ್ಯವಾಗಿ ನಾಲ್ಕು ಬಾರಿ ತಟ್ಟಿದರೆ ಬರುತ್ತದೆ. ಹರಿಹರ, ಮಲೇಬೆನ್ನೂರು, ಹೊನ್ನಾಳಿ ಕಡೆಯವು ಹಾಗಲ್ಲ. ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆಯ ದಾರಿಯಲ್ಲಿ ಹೋಗಿಬರುವ ಕಾರಿನ ಚಕ್ರದ ಹಿಂದೆ ಎರೆಮಣ್ಣು ಮೆತ್ತಿಕೊಳ್ಳುತ್ತದೆ. ಎರೆಮಣ್ಣಿನ ಗುಣವೇ ತೇವವನ್ನು ಬಿಡದೆ ಹಿಡಿದಿಟ್ಟುಕೊಳ್ಳುವುದು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಬ್ ಒದ್ದೆಯಾಗಿಯೇ ಇರುತ್ತದೆ. ಇನ್ನೊಂದು ಬಗೆ, ಮಕ್ಕಳು ಬೆಂಗಳೂರು ಸೇರಿದ ಮನೆಗಳ ಕಾರು. ಆಯುಧಪೂಜೆಗೆ ಚೆನ್ನಾಗಿ ತೊಳೆದು, ಹಾರ ಹಾಕಿ, ಒದ್ದೆಯಲ್ಲೇ ನಿಲ್ಲಿಸಿ ಹೋದರೆ ಮುಂದಿನ ಹಬ್ಬದವರೆಗೆ ಅದು ಕದಲುವುದಿಲ್ಲ. ಓಡಿದ ಕಿಲೋಮೀಟರ್ ಕಡಿಮೆ ಇದ್ದರೂ ಡಿಸ್ಕ್ ಭದ್ರವಾಗಿ ಹಿಡಿದಿರುವುದು ಇಂಥವುಗಳಲ್ಲೇ. ತೊಳೆದ ಮೇಲೆ ಒಂದೆರಡು ಕಿಲೋಮೀಟರ್ ಓಡಿಸಿ, ಬ್ರೇಕ್ ಹಾಕಿ ಡಿಸ್ಕ್ ಒಣಗಿಸಿ ನಿಲ್ಲಿಸುವುದು ಒಳ್ಳೆಯದು.

ಕೆಲಸಕ್ಕೆ ಬರೋಣ. ಜಾಕ್ ಒಂದರ ಮೇಲೆಯೇ ನಿಂತ ಕಾರಿಗೆ ಸುತ್ತಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಸೈಜುಗಲ್ಲು, ಇಟ್ಟಿಗೆ ಜೋಡಿಸಿ ಅದರ ಮೇಲೆ ಕಾರು ಕೂರಿಸುವುದಂತೂ ಬೇಡವೇ ಬೇಡ. ಹೊರೆ ಬಿದ್ದ ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ಇರಲಿ, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಇರಲಿ, ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಏಕೆಂದರೆ ತುಕ್ಕಿನ ಚೂರು ನೇರ ಮುಖಕ್ಕೇ ಹಾರುತ್ತದೆ. ಕ್ಯಾಲಿಪರನ್ನು ಬ್ರೇಕ್ ಹೋಸಿನಿಂದ ಜೋತುಬಿಡಬೇಡಿ. ಮೇಲಿನ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿ.

ಮೊದಲು ಹುಡುಕಬೇಕಾದದ್ದು ಸ್ಕ್ರೂ. ಹುಂಡೈ, ಹೋಂಡಾ ಮುಂತಾದ ಹಲವು ಕಾರುಗಳಲ್ಲಿ ಚಕ್ರದ ಬೋಲ್ಟುಗಳ ನಡುವೆ ಒಂದೆರಡು ಚಪ್ಪಟೆ ತಲೆಯ ಸ್ಟಾರ್ ಸ್ಕ್ರೂಗಳು ಡಿಸ್ಕನ್ನು ಹಬ್‌ಗೆ ಹಿಡಿದಿರುತ್ತವೆ. ತುಕ್ಕು ಮುಚ್ಚಿದರೆ ಅವು ಕಾಣುವುದೇ ಇಲ್ಲ. ತಂತಿ ಬ್ರಷ್ಷಿನಿಂದ ಉಜ್ಜದೆ ‘ಸ್ಕ್ರೂ ಇಲ್ಲ’ ಎಂದು ತೀರ್ಮಾನಿಸಬೇಡಿ. ಸ್ಕ್ರೂ ಇದ್ದಾಗ ಎಷ್ಟು ಹೊಡೆದರೂ ಡಿಸ್ಕ್ ಬರುವುದಿಲ್ಲ. ಮನೆಯ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ತೆಗೆದುಕೊಂಡು ತಿರುಗಿಸಿದರೆ ಸ್ಕ್ರೂ ತಲೆ ಸವೆದು ದುಂಡಗಾಗುತ್ತದೆ. ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇದಕ್ಕೆಂದೇ ಇದೆ. ಪೆಟ್ಟು ಅದನ್ನು ಒಳಕ್ಕೆ ಒತ್ತುತ್ತಲೇ ಸಡಿಲಿಸುವ ದಿಕ್ಕಿಗೆ ತಿರುಗಿಸುತ್ತದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಈ ಕೆಲಸಕ್ಕಾಗಿ ನೀವು ಒಂದೇ ಒಂದು ಹತ್ಯಾರು ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ತಲೆ ಆಗಲೇ ಸವೆದಿದ್ದರೆ ಡ್ರಿಲ್ ಹಾಕಿ ತಲೆಯಷ್ಟನ್ನೇ ಕತ್ತರಿಸಿ. ಡಿಸ್ಕ್ ಬಂದ ಮೇಲೆ ಉಳಿದ ಮೋಟನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಬಹುದು. ಓಡುವಾಗ ಡಿಸ್ಕನ್ನು ನಿಜವಾಗಿ ಬಿಗಿದು ಹಿಡಿಯುವುದು ವೀಲ್ ನಟ್‌ಗಳು, ಈ ಸ್ಕ್ರೂ ಅಲ್ಲ. ಹಾಗಾಗಿ ಅದು ಹಾಳಾಯಿತೆಂದು ಗಾಬರಿ ಬೇಡ, ಹೊಸದೊಂದು ತಂದು ಹಾಕಿದರಾಯಿತು.

ಸ್ಕ್ರೂ ಹೋದ ಮೇಲೆ ಎಣ್ಣೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ನಡುಬಳೆಯ ಸುತ್ತ ಮತ್ತು ಬೋಲ್ಟುಗಳ ಬುಡದಲ್ಲಿ ಇಳಿಸಿ. ಎಂಜಿನ್ ಆಯಿಲ್ ಮಂದ, ಆ ಸಂದಿಗೆ ಇಳಿಯುವುದಿಲ್ಲ. ಹಾಕಿದ ಹತ್ತು ನಿಮಿಷಕ್ಕೇ ಫಲ ಕೇಳಬೇಡಿ. ಶನಿವಾರ ಸಂಜೆ ಹಾಕಿ ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತರೆ ಅರ್ಧ ಶ್ರಮ ಉಳಿಯುತ್ತದೆ. ಕಾರು ಆ ರಾತ್ರಿ ಕದಲಬಾರದು, ಏಕೆಂದರೆ ಎಣ್ಣೆ ಪ್ಯಾಡಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಪ್ಯಾಡುಗಳನ್ನು ಮೊದಲೇ ತೆಗೆದು ದೂರ ಇಡಿ.

ಈಗ ಡಿಸ್ಕಿನ ಮುಖವನ್ನು ಗಮನಿಸಿ. ಮಾರುತಿ ಸುಜುಕಿ, ಟೊಯೊಟಾ, ಹೋಂಡಾಗಳ ಎಷ್ಟೋ ಮಾದರಿಗಳಲ್ಲಿ ಬೋಲ್ಟುಗಳ ನಡುವೆ ಎದುರುಬದುರಾಗಿ ಎರಡು ಚಿಕ್ಕ ರಂಧ್ರಗಳಿರುತ್ತವೆ. ಕೆಸರು ಕೆರೆದು ನೋಡಿದರೆ ಒಳಗೆ ಥ್ರೆಡ್ ಕಾಣುತ್ತದೆ. ಕಾರು ತಯಾರಿಸಿದವರು ಡಿಸ್ಕ್ ಬಿಡಿಸಲೆಂದೇ ಇಟ್ಟ ದಾರಿ ಅದು. 8 ಮಿ.ಮೀ. ದಪ್ಪದ, 1.25 ಪಿಚ್‌ನ ಎರಡು ಗಟ್ಟಿ ಬೋಲ್ಟ್ ಸಾಕು. ತಲೆಯ ಮೇಲೆ 8.8 ಎಂದು ಅಚ್ಚಾಗಿರುವುದನ್ನೇ ಕೇಳಿ ತನ್ನಿ. ಥ್ರೆಡ್‌ಗೆ ಎಣ್ಣೆ ಹಾಕಿ ಎರಡನ್ನೂ ಕೈಯಲ್ಲೇ ತಿರುಗಿಸಿ, ಹಬ್‌ಗೆ ತಾಗಿದ ಮೇಲೆ ಸ್ಪ್ಯಾನರ್ ಹಿಡಿಯಿರಿ. ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು. ಒಂದನ್ನೇ ಬಿಗಿದುಕೊಂಡು ಹೋದರೆ ಡಿಸ್ಕ್ ಓರೆಯಾಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಬೀಡು ಕಬ್ಬಿಣದ ಥ್ರೆಡ್ ಬಲವಂತವನ್ನು ತಾಳುವುದಿಲ್ಲ. ಬಿಗಿ ಹೆಚ್ಚಾಯಿತೆನಿಸಿದರೆ ಅಲ್ಲಿಗೆ ನಿಲ್ಲಿಸಿ, ಡಿಸ್ಕಿನ ನಡುವಿನ ಟೋಪಿ ಭಾಗದಲ್ಲಿ ಚಕ್ರದ ಬೋಲ್ಟುಗಳ ನಡುವೆ ಮರದ ತುಂಡಿಟ್ಟು ಅಥವಾ ತಾಮ್ರದ ಸುತ್ತಿಗೆಯಿಂದ ತಟ್ಟಿ, ಮತ್ತೆ ಅರ್ಧ ಸುತ್ತು ಕೊಡಿ. ಒತ್ತಡ ನಿಂತಿರುವಾಗ ಬೀಳುವ ಸಣ್ಣ ಪೆಟ್ಟು ತುಕ್ಕಿನ ಬಳೆಯನ್ನು ಒಡೆಯುತ್ತದೆ. ತಟ್ಟುವಾಗ ಕಿವಿ ಅಲ್ಲೇ ಇರಲಿ. ಹಿಡಿದಿರುವ ಡಿಸ್ಕಿನಿಂದ ತುಂಬಿದ, ಮೊಂಡು ಸದ್ದು ಬರುತ್ತದೆ. ಬಿಡುವ ಗಳಿಗೆಯಲ್ಲಿ ಒಮ್ಮೆ ‘ಟಕ್’ ಎಂದು, ಆಮೇಲಿನ ತಟ್ಟು ಟೊಳ್ಳಾಗಿ ಕೇಳುತ್ತದೆ. ಇದನ್ನೆಲ್ಲ ಮಾಡುವಾಗ ಎರಡು ವೀಲ್ ನಟ್‌ಗಳನ್ನು ಕೆಲವು ಸುತ್ತು ಹಾಕಿಟ್ಟಿರಿ. ಡಿಸ್ಕ್ ಕಾಲ ಮೇಲೆ ಬೀಳುವುದಿಲ್ಲ.

ಥ್ರೆಡ್ ರಂಧ್ರ ಇಲ್ಲದಿದ್ದರೆ, ಅಥವಾ ಇದ್ದದ್ದು ಕಿತ್ತುಹೋಗಿದ್ದರೆ, ಬದಲಿಸಲಿರುವ ಡಿಸ್ಕಿಗೆ ಮಾತ್ರ ಮಾಡಬಹುದಾದ ಉಪಾಯ ಒಂದಿದೆ. ಕ್ಯಾಲಿಪರ್ ಬ್ರ್ಯಾಕೆಟ್ ಬಿಗಿದಿದ್ದ ಎರಡು ರಂಧ್ರಗಳು ಡಿಸ್ಕಿನ ಹಿಂದೆ ಖಾಲಿ ಇರುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಥ್ರೆಡ್ ಇರುವುದಿಲ್ಲ. ಅವುಗಳೊಳಗೆ ಹಾಯುವಷ್ಟು ದಪ್ಪದ ಉದ್ದ ಬೋಲ್ಟನ್ನು ಕಾರಿನ ಒಳಬದಿಯಿಂದ ತೂರಿಸಿ, ರಂಧ್ರಕ್ಕೂ ಡಿಸ್ಕಿಗೂ ನಡುವೆ ಅದಕ್ಕೊಂದು ನಟ್ ಏರಿಸಿ. ನಟ್ಟನ್ನು ಸ್ಪ್ಯಾನರಿನಿಂದ ಹಿಡಿದು ಬೋಲ್ಟ್ ತಿರುಗಿಸಿದರೆ ಅದರ ತುದಿ ಡಿಸ್ಕಿನ ಹಿಂಮುಖಕ್ಕೆ ತಾಗಿ ಹೊರಗೆ ತಳ್ಳುತ್ತದೆ. ಮೇಲೊಂದು, ಕೆಳಗೊಂದು, ಎರಡನ್ನೂ ಸಮವಾಗಿ ಬಿಗಿಯಿರಿ. ಸ್ವಲ್ಪ ಒತ್ತಡ ಕೊಟ್ಟು, ಟೋಪಿಗೆ ತಟ್ಟಿ, ಸಡಿಲಿಸಿ, ಡಿಸ್ಕನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅದನ್ನೇ ಮಾಡಿ. ತಾಳ್ಮೆ ಬೇಕು, ನಿಜ. ಮೊಂಡು ಹಿಡಿದ ಡಿಸ್ಕುಗಳೂ ಇದಕ್ಕೆ ಬಗ್ಗುವುದನ್ನು ನಾನು ಕಂಡಿದ್ದೇನೆ. ಆ ರಂಧ್ರದಲ್ಲೇ ಥ್ರೆಡ್ ಇರುವ ಮಾದರಿಯಾದರೆ ಮಾತ್ರ ಈ ಉಪಾಯ ಬಿಡಿ. ಅದನ್ನು ಕೆಡಿಸಿಕೊಂಡರೆ ಕ್ಯಾಲಿಪರ್ ನಿಲ್ಲಿಸಲು ಜಾಗವೇ ಇರುವುದಿಲ್ಲ.

ಬೆಂಕಿಯ ವಿಷಯ. ಗ್ಯಾಸ್ ಟಾರ್ಚ್ ಹಿಡಿದರೆ ಡಿಸ್ಕ್ ಹಿಗ್ಗಿ ಬಿಡುತ್ತದೆ ಎನ್ನುವುದು ಸುಳ್ಳಲ್ಲ. ಮನೆಯಲ್ಲಿ ಅದು ಬೇಡವೆಂದು ಕೈಮುಗಿದು ಹೇಳುತ್ತೇನೆ. ಬೇರಿಂಗಿನ ಗ್ರೀಸು, ರಬ್ಬರ್ ಸೀಲು, ಸೆನ್ಸರಿನ ತಂತಿ, ಬ್ರೇಕ್ ಹೋಸು ಎಲ್ಲವೂ ಅಲ್ಲೇ ಗೇಣಗಲದಲ್ಲಿವೆ, ಜೊತೆಗೆ ನೀವು ರಾತ್ರಿ ಹಾಕಿದ ಎಣ್ಣೆಯೂ ಇದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗಕ್ಕೆ ಉರಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದೇ ಅನಿಲ. ಬೋಲ್ಟುಗಳಿಗೂ ಬಗ್ಗದ ಡಿಸ್ಕನ್ನು ಹಾಗೇ ಬಿಟ್ಟು, ಕ್ಯಾಲಿಪರನ್ನು ಮರಳಿ ಜೋಡಿಸಿ, ಪೆಡಲ್ ಗಟ್ಟಿಯಾಗಿದೆಯೆಂದು ನೋಡಿಕೊಂಡು, ಗ್ಯಾರೇಜಿಗೆ ತಂದುಬಿಡಿ. ಅದರಲ್ಲಿ ಸಣ್ಣತನವೇನೂ ಇಲ್ಲ.

ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಇಳಿಸಿದ್ದೀರಾ ನೋಡಿ. ಕೆಲವು ಕಾರುಗಳ ಹಿಂದಿನ ಡಿಸ್ಕಿನ ಟೋಪಿಯೊಳಗೆ ಚಿಕ್ಕ ಡ್ರಮ್ಮೇ ಅಡಗಿರುತ್ತದೆ. ಅದರ ಶೂಗಳು ಒಳಗಿನ ಅಂಚಿಗೆ ಸಿಕ್ಕಿಕೊಂಡಿದ್ದರೆ ಅಡ್ಜಸ್ಟರ್ ಸಡಿಲಿಸುವ ತನಕ ಡಿಸ್ಕ್ ಬರುವುದಿಲ್ಲ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಇಲ್ಲದೆ ಕೈಹಾಕಬೇಡಿ. ಹಳೆಯ ಜೀಪು ಬಗೆಯ ಕೆಲವು ವಾಹನಗಳಲ್ಲಿ ಡಿಸ್ಕ್ ಹಬ್‌ಗೆ ಹಿಂದಿನಿಂದ ಬೋಲ್ಟ್ ಆಗಿರುತ್ತದೆ. ಅಲ್ಲಿ ಬೇರಿಂಗ್ ಬಿಚ್ಚದೆ ದಾರಿಯಿಲ್ಲ.

ಡಿಸ್ಕ್ ಕೈಗೆ ಬಂದ ಸಂತೋಷದಲ್ಲಿ ಜನ ಬಿಟ್ಟುಬಿಡುವ ಕೆಲಸವೆಂದರೆ ಹಬ್ ಮುಖದ ಶುಚಿ. ತುಕ್ಕಿನ ಒಂದು ಚಕ್ಕೆ ಅಲ್ಲಿ ಉಳಿದರೆ ಹೊಸ ಡಿಸ್ಕ್ ಓರೆಯಾಗಿ ಕೂರುತ್ತದೆ, ಆ ಓರೆ ಅಂಚಿನಲ್ಲಿ ಹಿಗ್ಗಿ ಕಾಣುತ್ತದೆ. ತಯಾರಕರು ಒಪ್ಪುವ ಓಲಾಟ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಒಳಗೆ. ಅದನ್ನು ಮೀರಿದರೆ ಡಿಸ್ಕ್ ಸುತ್ತಲೂ ಏರುಪೇರಾಗಿ ಸವೆದು, ಸ್ವಲ್ಪ ಕಾಲದಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಬಡಿಯಲು ಶುರುವಾಗುತ್ತದೆ. ಆಗ ಬೈಗುಳ ತಿನ್ನುವುದು ಹೊಸ ಡಿಸ್ಕ್ ಮಾರಿದ ಅಂಗಡಿಯವರು! ತಂತಿ ಬ್ರಷ್, ಎಮರಿ ಪೇಪರ್ ಹಿಡಿದು ಹಬ್ ಮುಖವನ್ನು, ಬೋಲ್ಟುಗಳ ಬುಡವನ್ನು, ಆ ನಡು ಉಬ್ಬನ್ನು ಬೆರಳಾಡಿಸಿದರೆ ಎಲ್ಲೂ ತಡೆಯದಷ್ಟು ಉಜ್ಜಿ. ನಡು ಉಬ್ಬಿಗೆ ಮಾತ್ರ ತುಕ್ಕು ತಡೆಯುವ ತಾಮ್ರದ ಗ್ರೀಸನ್ನು ತೆಳ್ಳಗೆ ಸವರಿ. ಚಕ್ರದ ಬೋಲ್ಟಿನ ಥ್ರೆಡ್‌ಗೆ ಸವರಬೇಡಿ. ಸವರಿದರೆ ತಿರುಗಿಸುವ ಬಲ (ಟಾರ್ಕ್) ಅಳೆಯುವ ಟಾರ್ಕ್ ರೆಂಚ್ ಅದೇ ಅಂಕೆ ತೋರಿಸಿದರೂ ನಟ್ ಮಿತಿಮೀರಿ ಬಿಗಿಯಾಗುತ್ತದೆ.

ಹಳೆಯ ಡಿಸ್ಕನ್ನೇ ಮತ್ತೆ ಹಾಕುವುದಾದರೆ ಅಂಚಿನಲ್ಲಿ ಅಚ್ಚಾಗಿರುವ ಕನಿಷ್ಠ ದಪ್ಪ ಓದಿ, ಅಳೆದು ನೋಡಿ. ಅದಕ್ಕಿಂತ ತೆಳುವಾದದ್ದನ್ನು ಲೇತ್‌ಗೆ ಕೊಟ್ಟು ಸಮಮಾಡಿಸಿ ಹಾಕಿಕೊಳ್ಳುವುದು ಉಳಿತಾಯವಲ್ಲ, ಅಪಾಯ. ಹೊಸ ಡಿಸ್ಕಿಗೆ ಬಳಿದು ಬಂದಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಿ. ದಪ್ಪ ಡಿಸ್ಕಿಗಾಗಿ ಕ್ಯಾಲಿಪರಿನ ಪಿಸ್ಟನ್ನನ್ನು ಒಳಗೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡುತ್ತಿರಿ. ಅದು ಉಕ್ಕಿ ಚೆಲ್ಲಿದರೆ ಬಾಡಿಯ ಬಣ್ಣ ತಿನ್ನುತ್ತದೆ. ನಟ್‌ಗಳನ್ನು ಎದುರುಬದುರಾಗಿ, ಕಾರಿನ ಪುಸ್ತಕದಲ್ಲಿರುವ ಟಾರ್ಕ್‌ಗೇ ಬಿಗಿಯಿರಿ. ಹೆಚ್ಚಿನ ಸಣ್ಣ ಕಾರುಗಳಿಗೆ ಅದು 85ರಿಂದ 110 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಎಂಜಿನ್ ಚಾಲೂ ಮಾಡಿ ಕದಲುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಮೊದಲ ಒತ್ತು ನೆಲಕ್ಕೇ ಇಳಿಯುತ್ತದೆ, ಗೇಟಿನ ಎದುರು ಅದು ತಿಳಿಯುವಂತಾಗಬಾರದು. ಆಮೇಲೆ ಖಾಲಿ ರಸ್ತೆಯಲ್ಲಿ ಐವತ್ತರ ವೇಗದಿಂದ ಹತ್ತಕ್ಕೆ ಹದವಾಗಿ ಇಳಿಸುತ್ತಾ ಎಂಟು ಹತ್ತು ಸಲ ಬ್ರೇಕ್ ಹಾಕಿ, ನಡುನಡುವೆ ಡಿಸ್ಕ್ ತಣಿಯಲು ಬಿಡಿ. ಐವತ್ತು, ನೂರು ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿ.